ಬಳ್ಳಿ ಮತ್ತು ಆಸರೆ: ಇಟಲಿಯ ದ್ರಾಕ್ಷಿ ಸೀಮೆಯಲ್ಲಿ

ದ್ರಾಕ್ಷಿ ಬಳ್ಳಿಗೆ ತನ್ನದೇ ಆದ ನಿಲುವಿಲ್ಲ. ಮೂಲದಲ್ಲಿ ಅದು ಕಾಡಿನ ಮರಗಳನ್ನು ಹತ್ತಿ ಬೆಳಕು ಹುಡುಕುವ ಲತೆಯಾಗಿದ್ದು, ಸುರುಳಿ ಸುತ್ತುವ ಎಳೆಗಳಿಂದ ಸಿಕ್ಕ ಕೊಂಬೆಯನ್ನು ಹಿಡಿದು ಮೇಲೇರುತ್ತದೆ, ಹಿಡಿಯಲು ಏನೂ ಸಿಗದಿದ್ದರೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಆದ್ದರಿಂದ ತೋಟದಲ್ಲಿ ಕಣ್ಣಿಗೆ ಬೀಳುವ ಆಕಾರವು ಬಳ್ಳಿಯದಲ್ಲ, ಅದನ್ನು ಸವರಿ, ಬಗ್ಗಿಸಿ, ಕಟ್ಟಿ ನಿಲ್ಲಿಸಿದ ಜನರದು, ಆ ಜನರು ಹಾಗೆಯೇ ಮಾಡುವಂತೆ ಒತ್ತಾಯಿಸಿದ ಗಾಳಿ, ಬಿಸಿಲು, ಮಣ್ಣು ಮತ್ತು ಗೇಣಿಯದು. ಆಲ್ಪ್ಸ್ ಪರ್ವತದ ತಪ್ಪಲಿನಿಂದ ಆಫ್ರಿಕದ ಸಮೀಪದವರೆಗೆ ಉದ್ದಕ್ಕೆ ಚಾಚಿಕೊಂಡಿರುವ ಇಟಲಿಯಲ್ಲಿ ಈ ಆಕಾರಗಳು ಎಷ್ಟು ಬಗೆಯಾಗಿ ಕವಲೊಡೆದಿವೆ ಎಂದರೆ, ಒಂದೇ ಜಾತಿಯ ಗಿಡವು ಒಂದು ಕಡೆ ಮೊಣಕಾಲೆತ್ತರದ ಪೊದೆಯಾಗಿಯೂ ಇನ್ನೊಂದು ಕಡೆ ಮೂರು ಮಾಳಿಗೆಯ ಮನೆಗಿಂತ ಎತ್ತರದ ಹಸಿರು ಗೋಡೆಯಾಗಿಯೂ ಬದುಕುತ್ತದೆ.

ಕೃಷಿ ಇತಿಹಾಸಕಾರ ಎಮಿಲಿಯೊ ಸೆರೇನಿ, ಇಟಲಿಯ ಬೇಸಾಯದ ಭೂದೃಶ್ಯವು ಹೇಗೆ ರೂಪುಗೊಂಡಿತೆಂದು ವಿವರಿಸುವ 1961ರ ತಮ್ಮ ಗ್ರಂಥದಲ್ಲಿ ಈ ವೈವಿಧ್ಯದ ಹಿಂದೆ ಎರಡು ಪುರಾತನ ಪರಂಪರೆಗಳನ್ನು ಗುರುತಿಸುತ್ತಾರೆ. ದಕ್ಷಿಣದ ಕರಾವಳಿಗಳಲ್ಲಿ ನೆಲೆಸಿದ ಗ್ರೀಕರದು ಬಳ್ಳಿಯನ್ನು ಗಿಡ್ಡವಾಗಿ ಕತ್ತರಿಸಿ, ಆಸರೆಯಿಲ್ಲದೆ ಅಥವಾ ಒಂದು ಸಣ್ಣ ಗೂಟದ ಆಸರೆಯಲ್ಲಿ ಪೊದೆಯಂತೆ ಬೆಳೆಸುವ ಕ್ರಮ. ರೋಮನ್ನರಿಗಿಂತ ಮೊದಲು ಮಧ್ಯ ಇಟಲಿಯನ್ನು ಆಳಿದ ಎತ್ರುಸ್ಕನ್ನರದು ಬಳ್ಳಿಯನ್ನು ಜೀವಂತ ಮರಕ್ಕೆ ಹಬ್ಬಿಸುವ ಕ್ರಮ. ಮೊದಲನೆಯದು ಬಳ್ಳಿಯ ಮೂಲ ಸ್ವಭಾವವನ್ನು ಪೂರ್ತಿ ತಡೆಯುತ್ತದೆ, ಎರಡನೆಯದು ಅದನ್ನು ಬಹುಮಟ್ಟಿಗೆ ಅದರ ಇಚ್ಛೆಗೇ ಬಿಡುತ್ತದೆ. ಆಮೇಲೆ ಬಂದ ಚಪ್ಪರ, ಕಲ್ಲುಕಂಬ, ತಂತಿಸಾಲುಗಳೆಲ್ಲ ಈ ಎರಡು ತುದಿಗಳ ನಡುವೆ ಎಲ್ಲೋ ನಿಲ್ಲುತ್ತವೆ.

ದ್ರಾಕ್ಷಿ ಮೊದಲು ಹಣ್ಣಾಗುವುದು ತುದಿ ದಕ್ಷಿಣದಲ್ಲಿ, ಕೊನೆಗೆ ಹಣ್ಣಾಗುವುದು ಆಲ್ಪ್ಸ್ ತಪ್ಪಲಿನಲ್ಲಿ. ಸುಗ್ಗಿಯ ಬೆನ್ನು ಹಿಡಿದು ದಕ್ಷಿಣದಿಂದ ಉತ್ತರಕ್ಕೆ ಸಾಗಿದರೆ ಬೇಸಗೆಯ ಕೊನೆಯಿಂದ ಚಳಿಯ ಮೊದಲ ದಿನಗಳವರೆಗೆ ಈ ರೂಪಗಳನ್ನೆಲ್ಲ ಹಣ್ಣು ಹೊತ್ತ ಸ್ಥಿತಿಯಲ್ಲೇ ನೋಡಲು ಸಾಧ್ಯ. ಕರ್ನಾಟಕದಿಂದ ಹೋದ ಪ್ರವಾಸಿಯೊಬ್ಬರು ಹಿಡಿದದ್ದು ಈ ದಾರಿ. ಊರಿಗೆ ಮರಳಿದ ಮೇಲೆ ಅವರ ಮನಸ್ಸನ್ನು ಬಿಡದೆ ಕಾಡಿದ್ದು ಹಣ್ಣಿನ ರುಚಿಯಾಗಲಿ ಬೆಟ್ಟದ ಚೆಲುವಾಗಲಿ ಅಲ್ಲ. ಈ ಪ್ರತಿಯೊಂದು ಆಕಾರವೂ ಒಂದು ಬಗೆಯ ಮೈಗೆಲಸವನ್ನು, ಅಂದರೆ ಬಗ್ಗುವ ಬೆನ್ನು, ಏರುವ ಕಾಲು, ತಲೆಯ ಮೇಲೆ ಚಾಚುವ ಕೈಗಳನ್ನು ನಂಬಿ ನಿಂತಿದೆ ಎಂಬ ಸಂಗತಿ, ಮತ್ತು ಆ ಮೈಗೆಲಸ ಬಲ್ಲವರು ಇಲ್ಲವಾದಾಗ ಆಕಾರಕ್ಕೆ ಏನಾಗುತ್ತದೆ ಎಂಬ ಪ್ರಶ್ನೆ.

ಪಾಂತೆಲ್ಲೆರಿಯಾ ದ್ವೀಪವು ಆಡಳಿತದಲ್ಲಿ ಸಿಸಿಲಿಗೆ ಸೇರಿದ್ದರೂ ಸಿಸಿಲಿಗಿಂತ ಟ್ಯುನೀಷಿಯಾಕ್ಕೆ ಹತ್ತಿರವಾಗಿದೆ. ಸುಮಾರು 83 ಚದರ ಕಿಲೋಮೀಟರಿನ ಈ ಕಪ್ಪು ನೆಲ ಸಮುದ್ರದೊಳಗಿನ ಅಗ್ನಿಪರ್ವತ ಮೇಲೆದ್ದು ಆದದ್ದು. ಗಾಳಿ ಇಲ್ಲಿ ವರ್ಷದ ಹೆಚ್ಚು ದಿನಗಳಲ್ಲಿ ಬೀಸುತ್ತದೆ, ಮಳೆ ಕಡಿಮೆ, ಹರಿಯುವ ಸಿಹಿನೀರು ಇಲ್ಲ. ಮನೆಗಳು ದಪ್ಪ ಕಲ್ಲುಗೋಡೆಯವು. ಅವುಗಳ ಗುಮ್ಮಟದಂಥ ಮಾಡಿನ ಮೇಲೆ ಬಿದ್ದ ಮಳೆನೀರು ಒಂದು ಹನಿಯೂ ವ್ಯರ್ಥವಾಗದೆ ನೆಲದೊಳಗಿನ ತೊಟ್ಟಿಗೆ ಇಳಿಯುತ್ತದೆ. ಆಲಿವ್ ಮರಗಳು ಕೂಡ ಇಲ್ಲಿ ತಲೆಯೆತ್ತುವುದಿಲ್ಲ, ಕೊಂಬೆಗಳನ್ನು ನೆಲದ ಉದ್ದಕ್ಕೆ ಹರಡುವಂತೆ ಸವರಿರುತ್ತಾರೆ. ಒಂದೇ ಒಂದು ಕಿತ್ತಳೆ ಅಥವಾ ನಿಂಬೆಯ ಮರವನ್ನು ಉಳಿಸಿಕೊಳ್ಳಲು ಅದರ ಸುತ್ತ ಆಳೆತ್ತರವನ್ನು ಮೀರಿದ ದುಂಡನೆಯ ಕಲ್ಲಿನ ಕೋಟೆಯನ್ನೇ ಕಟ್ಟಿದ್ದನ್ನು ಕಂಡಾಗ, ಒಂದು ಮರದ ಹಣ್ಣಿಗಾಗಿ ಅಷ್ಟು ಕಲ್ಲು ಹೊತ್ತ ಜನರ ಬಗ್ಗೆ ಗೌರವ ಮೂಡದಿರುವುದು ಕಷ್ಟ.

ಇಲ್ಲಿನ ದ್ರಾಕ್ಷಿ ಜಿಬಿಬ್ಬೊ, ಮಸ್ಕತ್ ಕುಟುಂಬದ ಪರಿಮಳದ ಬಿಳಿ ತಳಿ. ಅದನ್ನು ಬೆಳೆಸುವ ಕ್ರಮಕ್ಕೆ ಆಲ್ಬೆರೆಲ್ಲೊ ಎಂದು ಹೆಸರು. ಪುಟ್ಟ ಮರ ಎಂದು ಅದರ ಅರ್ಥ. ನೆಲವನ್ನು ಸಮ ಮಾಡಿ, ಒಂದು ತಗ್ಗು ತೋಡಿ, ಅದರೊಳಗೆ ಬಳ್ಳಿಯನ್ನು ನೆಡುತ್ತಾರೆ. ಮುಖ್ಯ ಕಾಂಡವನ್ನು ಗಿಡ್ಡವಾಗಿ ಸವರಿ, ಅದರಿಂದ ಸುಮಾರು ಆರು ಕವಲುಗಳು ಸುತ್ತಲೂ ಹರಡುವಂತೆ ಬಿಡುತ್ತಾರೆ. ಹೀಗೆ ಬೆಳೆದ ಬಳ್ಳಿಯ ತಲೆ ತಗ್ಗಿನ ಅಂಚಿಗಿಂತ ಹೆಚ್ಚು ಮೇಲೇಳದ ಕಾರಣ ಗಾಳಿ ಅದರ ಮೇಲಿಂದ ಹಾದುಹೋಗುತ್ತದೆ, ಬಿದ್ದ ಮಳೆ ಮತ್ತು ತೇವ ತಗ್ಗಿನಲ್ಲೇ ಉಳಿಯುತ್ತದೆ. ತಗ್ಗನ್ನು ಒಮ್ಮೆ ತೋಡಿದರೆ ಮುಗಿಯಿತೆಂದಲ್ಲ. ಗಾಳಿಯೂ ಮಳೆಯೂ ಅದನ್ನು ಮುಚ್ಚುತ್ತಲೇ ಇರುತ್ತವೆ, ಬೆಳೆಗಾರ ಅದನ್ನು ಮತ್ತೆ ಮತ್ತೆ ತಿದ್ದುತ್ತಲೇ ಇರುತ್ತಾನೆ. ಒಂದು ಇಳಿಜಾರಿನ ಪಾವಟಿಗೆಯಲ್ಲಿ ಕೆಲಸ ಮಾಡುತ್ತಿದ್ದ ಹಿರಿಯ ಬೆಳೆಗಾರರೊಬ್ಬರು, ಇಂಗ್ಲಿಷ್ ಬಲ್ಲ ಮೊಮ್ಮಗಳ ಮೂಲಕ ಪ್ರವಾಸಿಯೊಡನೆ ಮಾತಾಡುತ್ತ, ಗಾಳಿ ಬರುವ ದಿಕ್ಕಿನ ಅಂಚನ್ನು ಹೇಗೆ ತುಸು ಎತ್ತರಿಸಬೇಕೆಂದು ಗುದ್ದಲಿ ಹಿಡಿದೇ ತೋರಿಸಿದರು. ಅವರ ಬೆನ್ನು ಮತ್ತೆ ನೆಟ್ಟಗಾಗುವ ಕಾಲ ಮುಗಿದಿತ್ತು. ಈ ತೋಟದೊಳಗೆ ಟ್ರ್ಯಾಕ್ಟರ್ ಬರಲಾರದು, ಹಿಂದೆ ಹೇಸರಗತ್ತೆ ಬರುತ್ತಿತ್ತು, ಈಗ ಗುದ್ದಲಿ ಮತ್ತು ಕೈ ಮಾತ್ರ ಎಂದರು. ಆಸ್ತಿ ಪಾಲಾಗಿ ಪಾಲಾಗಿ ಒಬ್ಬೊಬ್ಬರಿಗೆ ಬೆಟ್ಟದ ಬೇರೆ ಬೇರೆ ಮಗ್ಗುಲಲ್ಲಿ ಚೂರು ಚೂರು ನೆಲವಿದೆ ಎಂದಾಗ, ಮಲೆನಾಡಿನ ತುಂಡು ತೋಟಗಳ ಪರಿಚಯವಿದ್ದ ಪ್ರವಾಸಿಗೆ ಹೆಚ್ಚಿನ ವಿವರಣೆ ಬೇಕಾಗಲಿಲ್ಲ.

ಕೊಯ್ದ ಗೊಂಚಲುಗಳಲ್ಲಿ ಒಂದು ಪಾಲು ಗೋಡೆ ಕಟ್ಟಿದ ಅಂಗಳಗಳಲ್ಲಿ ಬಿಸಿಲಿಗೆ ಹರಡಿಕೊಂಡಿತ್ತು. ಎರಡು ಮೂರು ವಾರಗಳ ಕಾಲ ಅವನ್ನು ಕೈಯಿಂದಲೇ ತಿರುವಿಹಾಕುತ್ತ, ತೇವ ಬಿದ್ದೀತೆನ್ನುವ ರಾತ್ರಿ ಹೊದಿಸುತ್ತ ಒಣಗಿಸುತ್ತಾರೆ. ಹೀಗೆ ಒಣಗಿದ ಹಣ್ಣನ್ನು ಹಸಿ ಹಣ್ಣಿನ ಹುದುಗುವ ರಸಕ್ಕೆ ಬೆರೆಸಿದಾಗ ಆಗುವುದೇ ಪಾಸ್ಸಿತೊ ಎಂಬ ಸಿಹಿ ವೈನ್. ಆ ಹಿರಿಯರ ಮನೆಯ ಮಧ್ಯಾಹ್ನದ ಊಟದಲ್ಲಿ ಬೇಯಿಸಿದ ಆಲೂಗಡ್ಡೆ, ಟೊಮೆಟೊ, ಈರುಳ್ಳಿ, ಆಲಿವ್‌ಗಳಿಗೆ ಒಣಗಿದ ಓರೆಗಾನೊ ಎಲೆಯನ್ನೂ ಉಪ್ಪಿನಲ್ಲಿಟ್ಟ ಕೇಪರ್ ಮೊಗ್ಗನ್ನೂ ಬೆರೆಸಿದ ಕೋಸಂಬರಿಯಂಥ ಒಂದು ಖಾದ್ಯವಿತ್ತು. ಕಲ್ಲುಗೋಡೆಯ ಸಂದುಗಳಲ್ಲಿ ಬೆಳೆಯುವ ಕೇಪರ್ ಪೊದೆಯ ಅರಳದ ಮೊಗ್ಗುಗಳನ್ನು ಕಿತ್ತು ಕಡಲುಪ್ಪಿನಲ್ಲಿ ಹಾಕಿಡುವ ಈ ಕ್ರಮವೂ ಬಗ್ಗಿ ಮಾಡುವ ಕೆಲಸವೇ. ಬಟ್ಟಲಲ್ಲಿ ಸುರಿದ ವೈನಿನಲ್ಲಿ ಒಣ ಖರ್ಜೂರದ, ಜೇನಿನ, ಸುಟ್ಟ ನೆಲದ ವಾಸನೆ ಒಟ್ಟಿಗೇ ಇತ್ತು.

2014ರ ನವೆಂಬರಿನಲ್ಲಿ ಯುನೆಸ್ಕೊ ಈ ಆಲ್ಬೆರೆಲ್ಲೊ ಬೇಸಾಯವನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಮೂರ್ತ ಪರಂಪರೆ ಎಂದರೆ ಕಟ್ಟಡ, ಶಿಲ್ಪಗಳಂತೆ ಮುಟ್ಟಿ ನೋಡಬಹುದಾದ ವಸ್ತುವಲ್ಲ, ಜನರ ಕೈಯಲ್ಲೂ ನೆನಪಿನಲ್ಲೂ ಇರುವ ವಿದ್ಯೆ. ಇಲ್ಲಿ ಗಮನಿಸಬೇಕಾದದ್ದು, ಪಟ್ಟಿಗೆ ಸೇರಿದ್ದು ದ್ವೀಪದ ತೋಟಗಳಲ್ಲ, ತಗ್ಗು ತೋಡಿ ಬಳ್ಳಿಯನ್ನು ಸವರುವ ಆ ಕೌಶಲ. ನಾಲ್ಕು ವರ್ಷದ ಬಳಿಕ, 2018ರಲ್ಲಿ, ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಗೋಡೆ ಕಟ್ಟುವ ವಿದ್ಯೆಯನ್ನೂ ಇಟಲಿ ಸೇರಿದಂತೆ ಯುರೋಪಿನ ಹಲವು ದೇಶಗಳ ಹೆಸರಿನಲ್ಲಿ ಅದೇ ಪಟ್ಟಿಗೆ ಸೇರಿಸಲಾಯಿತು. ಕಲ್ಲು, ಮಣ್ಣು, ಬಳ್ಳಿಗಳನ್ನಲ್ಲದೆ ಅವನ್ನು ಬಲ್ಲ ಕೈಯನ್ನು ಪರಂಪರೆಯೆಂದು ಕರೆದದ್ದು ನ್ಯಾಯವಾದ ತೀರ್ಮಾನ. ಆದರೆ ಪಾಂತೆಲ್ಲೆರಿಯಾದ ವಿದ್ಯೆ ಬದುಕಿರುವುದರಲ್ಲಿ ಪ್ರಮಾಣಪತ್ರಕ್ಕಿಂತ ಆ ಸಿಹಿ ವೈನಿಗೆ ಸಿಗುವ ಬೆಲೆಯ ಪಾತ್ರ ದೊಡ್ಡದೆಂದು ಹೇಳದಿದ್ದರೆ ಆ ಹಿರಿಯರಿಗೆ ಅನ್ಯಾಯವಾದೀತು. ಬಾಗಿದ ಬೆನ್ನಿಗೆ ಅಲ್ಲಿ ಇನ್ನೂ ಕೂಲಿ ಹುಟ್ಟುತ್ತದೆ.

ನೇಪಲ್ಸ್ ನಗರದ ಉತ್ತರಕ್ಕಿರುವ ಆವೆರ್ಸಾ ಬಯಲಿನಲ್ಲಿ ಪರಿಸ್ಥಿತಿ ಹಾಗಿಲ್ಲ. 1030ರಲ್ಲಿ ನಾರ್ಮನ್ನರು ದಕ್ಷಿಣ ಇಟಲಿಯಲ್ಲಿ ಮೊದಲು ನೆಲೆಯೂರಿದ್ದು ಈ ಊರಿನಲ್ಲಿ. ಅದಕ್ಕೂ ಬಹಳ ಹಿಂದೆ ಎತ್ರುಸ್ಕನ್ನರು ಈ ಫಲವತ್ತಾದ ಬಯಲಿಗೆ ಬಂದಿದ್ದರು. ಅವರಿಂದ ಬಂದದ್ದೆಂದು ನಂಬಲಾದ ಆಲ್ಬೆರಾತಾ ಪದ್ಧತಿಯಲ್ಲಿ ಸಾಲಾಗಿ ನೆಟ್ಟ ಪಾಪ್ಲರ್ ಮರಗಳಿಗೆ ಆಸ್ಪ್ರಿನಿಯೊ ಎಂಬ ಬಿಳಿ ದ್ರಾಕ್ಷಿಯನ್ನು ಹಬ್ಬಿಸುತ್ತಾರೆ. ಮರದಿಂದ ಮರಕ್ಕೆ ಅಡ್ಡಲಾಗಿ ಬಿಗಿದ ತಂತಿಗಳ ಮೇಲೆ ಬಳ್ಳಿಗಳು ಹರಡಿ, ಹದಿನೈದು ಮೀಟರಿನವರೆಗೂ ಎದ್ದ ಹಸಿರು ಗೋಡೆಯಾಗುತ್ತವೆ. ಹೆದ್ದಾರಿ, ಗೋದಾಮು, ಹೊಸ ಬಡಾವಣೆಗಳ ನಡುವೆ ಅಲ್ಲಲ್ಲಿ ಉಳಿದ ಈ ಗೋಡೆಗಳು ಮೊದಲ ನೋಟಕ್ಕೆ ದ್ರಾಕ್ಷಿ ತೋಟವೆಂದೇ ತೋರುವುದಿಲ್ಲ. ತಲೆಯೆತ್ತಿ ನೋಡಿದಾಗ ಮಾತ್ರ ಎಲೆಗಳ ನಡುವೆ ತಿಳಿಹಸಿರಿನ ಗೊಂಚಲುಗಳೂ, ಇನ್ನೂ ಸ್ವಲ್ಪ ಮೇಲೆ ಏಣಿಗೆ ಒರಗಿ ನಿಂತ ಮನುಷ್ಯನೂ ಕಾಣುತ್ತಾರೆ.

ಆ ಏಣಿಗೆ ಸ್ಕಾಲಿಲ್ಲೊ ಎನ್ನುತ್ತಾರೆ. ಅದು ಬಹಳ ಉದ್ದ, ಬಹಳ ಕಿರಿದು; ಏರುವವನ ಕಾಲಿನ ಅಳತೆಗೆ ತಕ್ಕಂತೆ ಮೆಟ್ಟಿಲುಗಳ ಅಂತರವಿಟ್ಟು ಮಾಡಿಸುವುದು ವಾಡಿಕೆಯೆಂದು ಅಲ್ಲಿನವರು ಹೇಳುತ್ತಾರೆ, ಏಕೆಂದರೆ ಎರಡೂ ಕೈಗಳನ್ನು ಕೊಯ್ಲಿಗೆ ಬಿಟ್ಟು ಮೊಣಕಾಲನ್ನು ಮೆಟ್ಟಿಲಿಗೆ ಒತ್ತಿ ನಿಲ್ಲಬೇಕಾಗುತ್ತದೆ. ಗೊಂಚಲು ತುಂಬುವ ಬುಟ್ಟಿ ಫೆಶ್ಶಿನಾ. ಅದರ ತಳ ಚೂಪಾಗಿರುತ್ತದೆ, ಹಗ್ಗದಲ್ಲಿ ಕೆಳಗಿಳಿಸಿದಾಗ ಉತ್ತ ಮಣ್ಣಿನಲ್ಲಿ ನಾಟಿ ನೆಟ್ಟಗೆ ನಿಲ್ಲುತ್ತದೆ, ಉರುಳಿ ಹಣ್ಣು ಚೆಲ್ಲುವುದಿಲ್ಲ. ಕೆಳಗಿರುವವರು ಅದನ್ನು ಬರಿದು ಮಾಡಿ ಮತ್ತೆ ಮೇಲಕ್ಕೆ ಕಳಿಸುತ್ತಾರೆ. ಬುಟ್ಟಿಯ ಆಕಾರ, ಏಣಿಯ ಅಗಲ, ಮಣ್ಣಿನ ಹದ ಇವೆಲ್ಲ ಒಂದಕ್ಕೊಂದು ಹೊಂದಿಕೊಂಡ ಈ ವ್ಯವಸ್ಥೆಯನ್ನು ನೋಡುತ್ತ ನಿಂತಾಗ, ಇದನ್ನು ಯಾರೂ ಒಂದು ದಿನ ಕುಳಿತು ಯೋಚಿಸಿ ಮಾಡಿರಲಾರರು ಎಂದು ಮನವರಿಕೆಯಾಗುತ್ತದೆ.

ಇಷ್ಟು ಎತ್ತರ ಏಕೆಂಬ ಪ್ರಶ್ನೆಗೆ ಉತ್ತರ ನೆಲದಲ್ಲಿದೆ. ಬಳ್ಳಿ ಮೇಲೆ ಹೋದಷ್ಟೂ ಕೆಳಗಿನ ಮಣ್ಣು ಬೇರೆ ಬೆಳೆಗೆ ಉಳಿಯುತ್ತದೆ. ಒಂದು ಕಾಲಕ್ಕೆ ಈ ಬಯಲು ನಾರಿನ ಸೆಣಬಿಗೆ ಹೆಸರಾಗಿತ್ತು, ಸಾಲುಗಳ ನಡುವೆ ಸೆಣಬು, ಗೋಧಿ, ತರಕಾರಿಗಳು ಬೆಳೆಯುತ್ತಿದ್ದವು. ಎತ್ತರದಲ್ಲಿ, ಎಲೆಯ ನೆರಳಿನಲ್ಲಿ ನಿಧಾನವಾಗಿ ಹಣ್ಣಾಗುವ ಆಸ್ಪ್ರಿನಿಯೊ ತನ್ನ ಹುಳಿಯನ್ನು ಬಿಟ್ಟುಕೊಡುವುದಿಲ್ಲ, ಆ ತೀಕ್ಷ್ಣವಾದ ಹುಳಿಯೇ ಅದರ ಗುರುತು. ಎಮ್ಮೆಯ ಹಾಲಿನಿಂದ ಅಲ್ಲೇ ತಯಾರಾಗುವ ಮೊತ್ಸರೆಲ್ಲಾ ಚೀಸಿನ ಕೊಬ್ಬನ್ನು ನಾಲಗೆಯಿಂದ ತೊಳೆಯಲು ಅದಕ್ಕಿಂತ ತಕ್ಕ ಪಾನೀಯ ಸಿಗಲಾರದು. ಮನೆಗಳ ಅಡಿಯಲ್ಲಿ ಅಗ್ನಿಶಿಲೆಯ ಮೆತ್ತನೆಯ ಕಲ್ಲನ್ನು ಕೊರೆದು ಮಾಡಿದ ತಂಪಾದ ನೆಲಮಾಳಿಗೆಗಳಲ್ಲಿ ಈ ವೈನನ್ನು ಕಾಯ್ದಿಡುತ್ತಿದ್ದರು.

ಮರಕ್ಕೆ ಹಬ್ಬಿಸಿದ ಬಳ್ಳಿಯನ್ನು ಇಟಲಿಯವರು ಮರವನ್ನು ಮದುವೆಯಾದ ಬಳ್ಳಿ ಎಂದೇ ಕರೆಯುತ್ತಾರೆ. ರೋಮನ್ ಕೃಷಿ ಲೇಖಕ ಕೊಲುಮೆಲ್ಲ ಕ್ರಿ.ಶ. ಮೊದಲ ಶತಮಾನದಲ್ಲೇ ಇಂಥ ಮದುವೆಗೆ ಪಾಪ್ಲರ್, ಎಲ್ಮ್, ಆಶ್ ಮರಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ಮಾಡಿದ್ದಾನೆ. ಮಾವಿನ ಮರವನ್ನು ತಾನೇ ವರಿಸಿದ ಮಲ್ಲಿಗೆ ಬಳ್ಳಿಗೆ ವನಜ್ಯೋತ್ಸ್ನೆ ಎಂದು ಹೆಸರಿಟ್ಟ ಕಾಳಿದಾಸನ ಶಕುಂತಲೆಯನ್ನು ಬಲ್ಲ ಕನ್ನಡಿಗರಿಗೆ ಈ ಕಲ್ಪನೆ ಅಪರಿಚಿತವಲ್ಲ. ಆದರೆ ಅದೇ ಮೊದಲ ಶತಮಾನದ ರೋಮನ್ ಲೇಖಕ ಹಿರಿಯ ಪ್ಲಿನಿ, ನೇಪಲ್ಸ್ ಸುತ್ತಲಿನ ಇದೇ ಕಂಪಾನಿಯಾ ಸೀಮೆಯ ಪಾಪ್ಲರ್ ಬಳ್ಳಿಗಳ ವಿಷಯ ಬರೆಯುವಾಗ ಮದುವೆಯ ಮಾತಿನ ಜೊತೆಗೆ ಸಾವಿನ ಮಾತನ್ನೂ ಸೇರಿಸುತ್ತಾನೆ: ಅವು ಏರುವ ಎತ್ತರ ಎಷ್ಟೆಂದರೆ, ಕೊಯ್ಲಿಗೆ ಬರುವ ಕೂಲಿಯಾಳು ತಾನು ಬಿದ್ದು ಸತ್ತರೆ ಚಿತೆಯ ಮತ್ತು ಸಮಾಧಿಯ ಖರ್ಚನ್ನು ಒಡೆಯನೇ ಕೊಡಬೇಕೆಂದು ಮೊದಲೇ ಕರಾರು ಮಾಡಿಕೊಳ್ಳುತ್ತಾನೆ ಎಂದು ಅವನ ಬರಹ ಹೇಳುತ್ತದೆ. ಜರ್ಮನ್ ಕವಿ ಗಯಟೆ 1787ರ ಫೆಬ್ರವರಿಯಲ್ಲಿ ಕಾಪುವಾದಿಂದ ನೇಪಲ್ಸಿಗೆ ಬರುವಾಗ ಇದೇ ಪಾಪ್ಲರ್ ಸಾಲುಗಳನ್ನೂ ಅವುಗಳ ಕೊಂಬೆಗಳಲ್ಲಿ ಸುತ್ತಿಕೊಂಡ ಬಳ್ಳಿಗಳನ್ನೂ ಮೆಚ್ಚಿ ಬರೆದಿದ್ದಾನೆ. ಪ್ಲಿನಿಯ ಆ ಒಂದು ಮಾತು ಗೊತ್ತಿದ್ದರೆ ಮೆಚ್ಚುಗೆ ಬೇರೆ ತೂಕ ಪಡೆಯುತ್ತದೆ.

ಉತ್ತರ ಕನ್ನಡ ಮತ್ತು ಶಿವಮೊಗ್ಗದ ಅಡಿಕೆ ಸೀಮೆಯನ್ನು ಬಲ್ಲವರಿಗೆ ಆವೆರ್ಸಾದ ತೋಟ ಎಲ್ಲಕ್ಕಿಂತ ಹತ್ತಿರದ್ದೆನಿಸುತ್ತದೆ. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸುವುದು, ಕಾಫಿಯ ನಡುವೆ ಹಾಲುವಾಣವನ್ನು ಅದಕ್ಕೆ ಆಸರೆಯಾಗಿ ಕೊಡುವುದು, ಎಲೆಬಳ್ಳಿಗೆ ನುಗ್ಗೆ, ಅಗಸೆ ನೆಡುವುದು ಇವೆಲ್ಲ ಅದೇ ವಿವೇಕದ ರೂಪಗಳು: ಸತ್ತ ಕಂಬದ ಬದಲು ಬದುಕಿರುವ ಮರ, ಒಂದು ಬೆಳೆಯ ನೆಲದಲ್ಲಿ ಎರಡು ಮೂರು ಬೆಳೆ. ಬಿದಿರಿನ ಒಂಟಿ ಏಣಿಯ ಮೇಲೆ ನಿಂತು ಮೆಣಸು ಬಿಡಿಸುವವರ ಮೊಣಕಾಲೂ ಸ್ಕಾಲಿಲ್ಲೊ ಏರಿದವನ ಮೊಣಕಾಲೂ ಮಾಡುವ ಕೆಲಸ ಒಂದೇ. ಮರದಿಂದ ಮರಕ್ಕೆ ಜಿಗಿದು ಅಡಿಕೆಯ ಕೊನೆ ಇಳಿಸುವ ಕೊನೆಗೌಡನಿಗೆ ಹಿಂದೆ ಇದ್ದ ಮರ್ಯಾದೆಯನ್ನೂ, ಈಗ ಅವನಿಗಾಗಿ ತೋಟದ ಒಡೆಯರು ದಿನಗಟ್ಟಲೆ ಕಾಯುವುದನ್ನೂ, ನೆಲದಲ್ಲೇ ನಿಂತು ಕೊನೆ ಕೊಯ್ಯಲು ಫೈಬರ್ ದೋಟಿ ಬಂದಿರುವುದನ್ನೂ, ಯುವಕರಿಗೆ ಮರ ಏರುವ ತರಬೇತಿ ಶಿಬಿರಗಳು ನಡೆಯುತ್ತಿರುವುದನ್ನೂ ಪ್ರವಾಸಿ ಅಲ್ಲಿನವರಿಗೆ ಹೇಳಿದಾಗ, ಏಣಿಯಿಂದ ಇಳಿದು ಬಂದ ಮಧ್ಯವಯಸ್ಕರೊಬ್ಬರು ದೋಟಿಯ ಉದ್ದ ಎಷ್ಟು, ತೂಕ ಎಷ್ಟು, ಒಬ್ಬನೇ ಹಿಡಿಯಬಹುದೇ ಎಂದು ಬಿಡಿಸಿ ಬಿಡಿಸಿ ಕೇಳಿದರು. ದ್ರಾಕ್ಷಿಯ ಗೊಂಚಲು ಅಡಿಕೆಯ ಕೊನೆಯಂತೆ ನೆಲಕ್ಕೆ ಬಿದ್ದು ತಾಳಲಾರದು ಎಂಬ ನಿರ್ಧಾರಕ್ಕೆ ಕೊನೆಗೆ ಅವರೇ ಬಂದರು. ಏಣಿ ಏರಬಲ್ಲವರು ಆ ಊರಲ್ಲಿ ಕೈಬೆರಳಿನಲ್ಲಿ ಎಣಿಸುವಷ್ಟೇ ಎಂದರು. ಆಸ್ಪ್ರಿನಿಯೊ ವೈನಿಗೆ 1993ರಲ್ಲಿ ಪ್ರದೇಶದ ಹೆಸರಿನ ಅಧಿಕೃತ ಮಾನ್ಯತೆ ದೊರೆತಿದ್ದರೂ ತಳಿಯು ಈಗ ಬಹುಪಾಲು ತಗ್ಗಾದ ತಂತಿಸಾಲುಗಳಲ್ಲೇ ಬೆಳೆಯುತ್ತಿದೆ. ಹಣ್ಣು ಉಳಿದಿದೆ, ಎತ್ತರ ಹೋಗುತ್ತಿದೆ.

ಆ ಸಂಜೆ ಚೀಸ್ ಕೊಳ್ಳಲು ನಿಂತ ಎಮ್ಮೆ ಸಾಕಣೆಯ ಕೇಂದ್ರದಲ್ಲಿ ಹಾಲು ಕರೆಯುವ ಕೆಲಸಕ್ಕಿದ್ದವನು ಪಂಜಾಬಿನ ತರುಣ. ಇಟಲಿಯ ಹೈನುಗಾರಿಕೆಯಲ್ಲೂ ತರಕಾರಿ ಹೊಲಗಳಲ್ಲೂ ಪಂಜಾಬಿನಿಂದ ಬಂದ ಕೆಲಸಗಾರರು ಬಹಳ ಮಂದಿ ಇದ್ದಾರೆ, ಕೆಲವು ಕಡೆ ಅವರ ದುಡಿಮೆಯಿಲ್ಲದೆ ಕೊಟ್ಟಿಗೆಗಳೇ ನಡೆಯಲಾರವು. ಹಿಂದಿ ಕಿವಿಗೆ ಬಿದ್ದದ್ದೇ ಅವನ ಮುಖ ಅರಳಿತು. ಪ್ರವಾಸಿಯನ್ನು ಅಂಕಲ್‌ಜೀ ಎಂದು ಕರೆದು, ಚಹಾ ಮಾಡಿಕೊಟ್ಟು, ಎಮ್ಮೆ ಎಲ್ಲಿದ್ದರೂ ಎಮ್ಮೆಯೇ, ಅದರ ಜೊತೆ ತನಗೆ ಕಷ್ಟವಿಲ್ಲ ಎಂದ. ಪಾಪ್ಲರ್ ಏರಿ ದ್ರಾಕ್ಷಿ ಕೊಯ್ಯಲು ಕರೆದರೆ ಹೋಗುವೆಯಾ ಎಂದು ಕೇಳಿದ್ದಕ್ಕೆ, ಕೂಲಿ ಸರಿಯಾಗಿದ್ದು ಯಾರಾದರೂ ಕಲಿಸಿದರೆ ಹೋಗುವುದಕ್ಕೇನು, ಆದರೆ ಇದುವರೆಗೆ ಯಾರೂ ಕಲಿಸುತ್ತೇನೆಂದು ಹೇಳಿಲ್ಲ ಎಂದು ಉತ್ತರಿಸಿದ. ಪರಂಪರೆ ಅಳಿಯುತ್ತಿದೆ ಎಂದು ಕೊರಗುವ ಊರೊಂದರ ಅಂಚಿನಲ್ಲಿ, ಕಲಿಯಲು ಸಿದ್ಧನಾದ ಒಬ್ಬ ಗಟ್ಟಿಮೈಯ ತರುಣ ಯಾರ ಲೆಕ್ಕಕ್ಕೂ ಬರದೆ ಇದ್ದ. ಮರಳಿ ಬಂದ ಮೇಲೂ ಹೆಚ್ಚು ನೆನಪಾಗುವುದು ಈ ಮಾತು.

ಉತ್ತರಕ್ಕೆ ಸಾಗುವ ರೈಲು ಬೊಲೊನ್ಯಾ, ಮೊದೆನಾ, ಪಾರ್ಮಾಗಳ ಬಯಲನ್ನು ಹಾದುಹೋಗುತ್ತದೆ. ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಈ ಬಯಲಿನ ಹೊಲಗಳ ಅಂಚಿನಲ್ಲೆಲ್ಲ ಎಲ್ಮ್ ಮರಗಳ ಸಾಲೂ, ಮರದಿಂದ ಮರಕ್ಕೆ ತೋರಣ ಕಟ್ಟಿದಂತೆ ಬಳ್ಳಿಯೂ ಇದ್ದವು; ಎಲ್ಮಿನ ಎಲೆ ಎತ್ತುಗಳಿಗೆ ಮೇವು, ಸವರಿದ ಕೊಂಬೆ ಒಲೆಗೆ ಸೌದೆ, ನಡುವಿನ ಹೊಲದಲ್ಲಿ ಗೋಧಿ. ಈ ಏರ್ಪಾಡನ್ನು ಹಿಡಿದಿಟ್ಟದ್ದು ಮೆದ್ಸಾದ್ರಿಯಾ ಎಂಬ ಪಾಲುಗೇಣಿ, ಅಂದರೆ ಬೆಳೆದದ್ದರಲ್ಲಿ ಅರ್ಧ ಒಡೆಯನಿಗೆ, ಅರ್ಧ ಉಳುವ ಕುಟುಂಬಕ್ಕೆ. ಒಂದೇ ತುಂಡು ನೆಲದಲ್ಲಿ ರೊಟ್ಟಿ, ವೈನ್, ಸೌದೆ, ಮೇವು ಎಲ್ಲವನ್ನೂ ತೆಗೆಯಬೇಕಾದ ಕುಟುಂಬವೇ ಇಂಥ ಹೊಲವನ್ನು ಕಾಪಾಡಬಲ್ಲದು. 1964ರ ಕಾನೂನು ಹೊಸ ಪಾಲುಗೇಣಿ ಕರಾರುಗಳನ್ನು ನಿಷೇಧಿಸಿತು. ಕರ್ನಾಟಕದಲ್ಲಿ ಉಳುವವನನ್ನು ಹೊಲದೊಡೆಯನನ್ನಾಗಿ ಮಾಡಿದ ಭೂಸುಧಾರಣೆಯ ತಿದ್ದುಪಡಿ ಬಂದದ್ದು ಹತ್ತು ವರ್ಷದ ಬಳಿಕ, 1974ರಲ್ಲಿ. ಅತ್ತ ಇಟಲಿಯ ಬಯಲಿನಲ್ಲಿ ಟ್ರ್ಯಾಕ್ಟರಿಗೆ ಮರದ ಸಾಲು ಅಡ್ಡಿಯಾಯಿತು, ಎಲ್ಮ್ ಮರಗಳನ್ನು ಶಿಲೀಂಧ್ರದ ರೋಗವೊಂದು ಒಣಗಿಸಿತು, ಗೇಣಿದಾರರ ಮಕ್ಕಳು ಕಾರ್ಖಾನೆಗೆ ಹೋದರು. ಆ ದೃಶ್ಯ ಸುಂದರವಾಗಿತ್ತೆಂಬ ಕಾರಣಕ್ಕೆ ಆ ಗೇಣಿ ಉಳಿಯಬೇಕಿತ್ತು ಎಂದು ಯಾರೂ ಹೇಳಬಾರದು. ಕಿಟಕಿಯಾಚೆ ಈಗ ಮೆಕ್ಕೆಜೋಳ, ಕೊಟ್ಟಿಗೆ, ಗೋದಾಮುಗಳು.

ವಾಯವ್ಯದ ಪಿಯೆಮೊಂತೆ ಪ್ರಾಂತ್ಯದ ತುದಿಯಲ್ಲಿ, ದೋರಾ ಬಾಲ್ತೆಯಾ ನದಿಯ ಕಣಿವೆ ಇಕ್ಕಟ್ಟಾಗುವಲ್ಲಿ ಕರೇಮಾ ಎಂಬ ಊರಿದೆ. ಬಂಡೆಯ ಇಳಿಜಾರನ್ನು ಪಾವಟಿಗೆಗಳಾಗಿ ಕಡಿದು, ಮಣ್ಣು ಹೊತ್ತು ತುಂಬಿ, ಕಲ್ಲು ಸುಣ್ಣದ ದಪ್ಪ ಕಂಬಗಳ ಮೇಲೆ ಮರದ ಚಪ್ಪರ ಹಾಕಿ ನೆಬ್ಬಿಯೊಲೊ ದ್ರಾಕ್ಷಿಯನ್ನು ಹಬ್ಬಿಸಿದ್ದಾರೆ. ದೇವಾಲಯದ ಮಂಟಪದಂತೆ ಕಾಣುವ ಈ ಕಂಬಗಳು ಅಲಂಕಾರಕ್ಕಲ್ಲ. ಹಗಲಿನ ಬಿಸಿಲನ್ನು ಹೀರಿ, ಇರುಳು ಬೆಟ್ಟದ ಚಳಿ ಇಳಿದಾಗ ಆ ಶಾಖವನ್ನು ಬಳ್ಳಿಗೆ ಹಿಂದಿರುಗಿಸುತ್ತವೆ. ದ್ವೀಪದಲ್ಲಿ ನೆಲದ ತಗ್ಗು ಮಾಡಿದ ಕೆಲಸವನ್ನು ಇಲ್ಲಿ ಕಲ್ಲಿನ ಕಂಬ ಮಾಡುತ್ತದೆ, ಎರಡರಲ್ಲೂ ಕಲ್ಲು ಹೊತ್ತವರ ಬೆನ್ನಿದೆ.

ವೆರೋನಾ ನಗರದ ಮೇಲಿನ ವಾಲ್ಪೊಲಿಚೆಲ್ಲಾ ಗುಡ್ಡಗಳಿಗೆ ಬರುವ ಹೊತ್ತಿಗೆ ಕೊಯ್ಲು ಬಹುತೇಕ ಮುಗಿದು, ಹಣ್ಣೆಲ್ಲ ಫ್ರುತ್ತಾಯೊ ಎಂಬ ಒ​ಣಗಿಸುವ ಅಟ್ಟಗಳನ್ನು ಸೇರಿತ್ತು. ಕೊರ್ವಿನಾ ಮೊದಲಾದ ಕಪ್ಪು ದ್ರಾಕ್ಷಿಯ ಗೊಂಚಲುಗಳನ್ನು ಒಂದಕ್ಕೊಂದು ತಗಲದಂತೆ ಒಂದೇ ಪದರದಲ್ಲಿ ಹರಡಿ, ಗಾಳಿಯಾಡುವ ನೆರಳಿನಲ್ಲಿ ಮೂರು ನಾಲ್ಕು ತಿಂಗಳು ಬಿಟ್ಟಾಗ ಅವು ತೂಕದ ಮೂರರಲ್ಲೊಂದು ಪಾಲನ್ನು, ಕೆಲವೊಮ್ಮೆ ಇನ್ನೂ ಹೆಚ್ಚನ್ನು ಕಳೆದುಕೊಳ್ಳುತ್ತವೆ. ಅವುಗಳಿಂದ ಆಮರೋನೆ ಎಂಬ ಗಾಢವಾದ ವೈನ್ ಆಗುತ್ತದೆ. ಆರನೆಯ ಶತಮಾನದಲ್ಲಿ ಗಾಥ್ ಅರಸರ ಮಂತ್ರಿಯಾಗಿದ್ದ ಕಾಸ್ಸಿಯೊದೋರುಸ್, ವೆರೋನಾದ ಒಣದ್ರಾಕ್ಷಿಯ ವೈನನ್ನು ಅರಮನೆಗೆ ತರಿಸಲು ಬರೆದ ಪತ್ರ ಉಳಿದುಬಂದಿದೆ. ಹಣ್ಣು ಹರಡುತ್ತಿದ್ದ ಜೊಂಡಿನ ಹಾಸುಗಳನ್ನು ಆರೆಲೆ ಎನ್ನುತ್ತಾರೆ. ಅದೇ ಹಾಸುಗಳ ಮೇಲೆ ವಸಂತದಲ್ಲಿ ರೇಷ್ಮೆಹುಳು ಸಾಕುತ್ತಿದ್ದರು, ಹಿಪ್ಪುನೇರಳೆ ಮರಗಳೇ ಎಷ್ಟೋ ಕಡೆ ಬಳ್ಳಿಗೆ ಆಸರೆಯಾಗಿದ್ದವು. ರಾಮನಗರ, ಚನ್ನಪಟ್ಟಣಗಳ ಮನೆಯೊಳಗೆ ಹುಳದ ತಟ್ಟೆ, ಚಂದ್ರಿಕೆಗಳನ್ನು ಕಂಡವರಿಗೆ ಆ ಅಟ್ಟದ ಕತ್ತಲೂ ಗಾಳಿಯೂ ಗುರುತಿನವೇ ಆಗಿರುತ್ತವೆ. 1910ರ ದಶಕದಲ್ಲಿ ಮೈಸೂರು ಸಂಸ್ಥಾನವು ರೇಷ್ಮೆಯನ್ನು ಸುಧಾರಿಸಲು ವಾಷಿಂಗ್ಟನ್ ಮಾರಿ ಎಂಬ ತಜ್ಞರನ್ನು ಇಟಲಿಯಿಂದಲೇ ಕರೆಸಿಕೊಂಡಿತ್ತು.

ವಾಲ್ಪೊಲಿಚೆಲ್ಲಾದಲ್ಲಿ ಪ್ರವಾಸಿ ಅಟ್ಟ ನೋಡಿದ ಬೆಳೆಗಾರರೊಬ್ಬರ ಮನೆಯ ಅಂಗಳದ ಚಪ್ಪರದಲ್ಲಿ ಕಪ್ಪು ಹಣ್ಣೊಂದು ಇನ್ನೂ ಉಳಿದಿತ್ತು. ಸಿಪ್ಪೆ ದಪ್ಪ, ಒಳಗೆ ಜಾರುವ ತಿರುಳು, ಕೈಗೆ ಹತ್ತುವ ಗಾಢ ವಾಸನೆ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಗಳ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ತಿಂದವರು ಆ ವಾಸನೆಯನ್ನು ಕಣ್ಣುಮುಚ್ಚಿ ಹೇಳಬಲ್ಲರು. ಇಟಲಿಯಲ್ಲಿ ಅದು ಉವಾ ಫ್ರಾಗೋಲಾ, ಅಮೆರಿಕದ ಕಾಡುದ್ರಾಕ್ಷಿಯ ರಕ್ತವಿರುವ ಇಸಾಬೆಲ್ಲಾ ತಳಿ. ಬೆಂಗಳೂರು ಬ್ಲೂ ಕೂಡ ಅದೇ ಕುಲದ್ದು. ಐರೋಪ್ಯ ಒಕ್ಕೂಟದ ನಿಯಮದಂತೆ ಅದರ ವೈನನ್ನು ಮಾರುವಂತಿಲ್ಲ, ಆದ್ದರಿಂದ ಅದು ಮನೆಯ ನೆರಳಿಗೂ ಮಕ್ಕಳ ಬಾಯಿಗೂ ಮೀಸಲಾಗಿ ಉಳಿದಿದೆ.

ವಾಲ್ಪೊಲಿಚೆಲ್ಲಾದ ಸಾಂಪ್ರದಾಯಿಕ ಕ್ರಮ ಪೆರ್ಗೊಲಾ ವೆರೊನೇಸೆ: ಆಳೆತ್ತರದ ಕಂಬದ ಮೇಲೆ ಬಳ್ಳಿಯ ತೋಳುಗಳನ್ನು ಚಾಚಿ, ಎಲೆಯ ಮಾಡಿನ ಕೆಳಗೆ ಗೊಂಚಲು ನೇತಾಡುವಂತೆ ಬೆಳೆಸುವುದು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಇದು ಗುಣಕ್ಕಿಂತ ಇಳುವರಿಯನ್ನೇ ನೋಡುವ ಹಳೆಯ ರೂಢಿಯೆಂದು ಎಣಿಸಿ, ಅನೇಕರು ಕಿತ್ತು, ಯಂತ್ರ ಓಡುವ ತಂತಿಸಾಲುಗಳನ್ನು ಹಾಕಿದರು. ಆ ಮನೆಯ ಬೆಳೆಗಾರರ ತಂದೆಯೂ ಮೇಲಿನ ಗುಡ್ಡದಲ್ಲಿ ಹಾಗೆಯೇ ಮಾಡಿದ್ದರು. ಈಚಿನ ಬೇಸಗೆಗಳ ಉರಿಯಲ್ಲಿ ತಂತಿಸಾಲಿನ ಹಣ್ಣು ಬಿಸಿಲಿಗೆ ಸುಟ್ಟು ಕಂದಿದರೆ, ಪೆರ್ಗೊಲಾದ ಅಡಿಯ ಹಣ್ಣು ನೆರಳಿನಲ್ಲಿ ಉಳಿದದ್ದನ್ನು ಮಗ ಕಂಡಿದ್ದರು. ವಿಜಯಪುರದಂಥ ಒಣ ಸೀಮೆಯಲ್ಲಿ ಹೇಗೆ ಬೆಳೆಯುತ್ತೀರಿ ಎಂದು ಅವರು ಕೇಳಿದಾಗ, ಅಲ್ಲಿಯ ಚಪ್ಪರ ಪದ್ಧತಿ, ಒಣದ್ರಾಕ್ಷಿಯ ಶೆಡ್ಡುಗಳು, ರೈತರು ಚಾಟ್ನಿ ಎಂದು ಕರೆಯುವ ಸವರುವಿಕೆ ವರ್ಷಕ್ಕೆ ಎರಡು ಬಾರಿ ನಡೆಯುವುದು, ಏಪ್ರಿಲಿನದು ಕಡ್ಡಿ ಬೆಳೆಸಲು, ಅಕ್ಟೋಬರಿನದು ಹಣ್ಣು ಕಟ್ಟಲು, ಇವೆಲ್ಲವನ್ನೂ ಪ್ರವಾಸಿ ವಿವರಿಸಿದರು. ಹಾಗಾದರೆ ನಿಮ್ಮ ಬಳ್ಳಿ ಮಲಗುವುದು ಯಾವಾಗ ಎಂಬುದು ಅವರ ಮುಂದಿನ ಪ್ರಶ್ನೆ. ಇಟಲಿಯಲ್ಲಿ ಚಳಿಗಾಲ ಬಳ್ಳಿಯ ಎಲೆ ಉದುರಿಸಿ ನಿದ್ರೆಗೆ ಕಳಿಸುತ್ತದೆ. ವಿಜಯಪುರದಲ್ಲಿ ಆ ನಿದ್ರೆಯಿಲ್ಲ, ಕತ್ತರಿಯೇ ಬಳ್ಳಿಗೆ ಋತುವನ್ನು ತಿಳಿಸಬೇಕು. ಅವರು ಇದನ್ನು ಹೆಂಡತಿಗೂ ಕರೆದು ಹೇಳಿದರು, ಆಮೇಲೆ ಬಹಳ ಹೊತ್ತು ಇಬ್ಬರೂ ತಮ್ಮ ಭಾಷೆಯಲ್ಲಿ ಚರ್ಚಿಸಿದರು.

ಮೇಲಿನ ಗುಡ್ಡದ ತಂತಿಸಾಲುಗಳನ್ನು ಮತ್ತೆ ಪೆರ್ಗೊಲಾಕ್ಕೆ ಏರಿಸುವುದೆಂದು ಅವರು ತೀರ್ಮಾನಿಸಿದ್ದರು, ಕಂಬಗಳು ಅಂಗಳಕ್ಕೆ ಬಂದು ಬಿದ್ದಿದ್ದವು. ಕಷ್ಟವಿದ್ದದ್ದು ಕಟ್ಟುವ ಕೆಲಸದಲ್ಲಿ. ಸವರಿದ ಕಡ್ಡಿಗಳನ್ನು ಬಗ್ಗಿಸಿ ವಿಲೋ ಗಿಡದ ಬಳುಕುವ ಬರಲಿನಿಂದ ಕಟ್ಟುವುದನ್ನು ಹಿಂದೆ ಊರಿನ ಹೆಂಗಸರು ಮಾಡುತ್ತಿದ್ದರು; ಇಡೀ ದಿನ ತೋಳನ್ನು ತಲೆಯ ಮೇಲೆ ಎತ್ತಿ ಹಿಡಿಯಬೇಕು, ಗಂಟು ಬೇಸಗೆಯವರೆಗೆ ಹಿಡಿದಿರಬೇಕು, ಆದರೆ ಬಳ್ಳಿಯ ಕತ್ತು ಹಿಸುಕಬಾರದು. ಆ ಗಂಟು ಬಲ್ಲವರಲ್ಲಿ ಬೆಳೆಗಾರರ ಅತ್ತೆ ಒಬ್ಬರೇ ಉಳಿದಿದ್ದರು, ಅವರ ಭುಜ ಮೇಲೇಳುತ್ತಿರಲಿಲ್ಲ. ಕುರ್ಚಿಯಲ್ಲಿ ಕುಳಿತೇ ಕಲಿಸುತ್ತೇನೆ, ಕಲಿಯುವವರನ್ನು ಕರೆತನ್ನಿ ಎಂದು ಆ ವೃದ್ಧೆ ಅಳಿಯನಿಗೆ ಹೇಳಿದ್ದರು, ಮೊರಾಕೊದಿಂದ ಬಂದ ಇಬ್ಬರು ಕೊಯ್ಲಿನ ಕೆಲಸಗಾರರು ಚಳಿಗಾಲಕ್ಕೂ ಉಳಿಯಲು ಒಪ್ಪಿದ್ದರು. ಅವರ ಕೂಲಿಯ ಮಾತು ಇನ್ನೂ ಮುಗಿದಿರಲಿಲ್ಲ, ಕಟ್ಟುವ ಕೆಲಸ ಫೆಬ್ರವರಿಯಲ್ಲಿ ಶುರುವಾಗಬೇಕಿತ್ತು.